ಗೈಡ್ ಕೈಯ ಟಾರ್ಚ್ ಮತ್ತು ಎಡಿನ್‌ಬರೋದ ದೆವ್ವಗಳು

ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರೋಗೆ ಹೋದವರು ಹಗಲಲ್ಲಿ ಕೋಟೆ ನೋಡುತ್ತಾರೆ, ಕತ್ತಲಾದ ಮೇಲೆ ದುಡ್ಡು ಕೊಟ್ಟು ಹೆದರಿಕೊಳ್ಳಲು ಹೊರಡುತ್ತಾರೆ. ಕರಿ ನಿಲುವಂಗಿಯ ಗೈಡ್ ಒಬ್ಬರು ಗುಂಪನ್ನು ಕಿರಿದಾದ ಓಣಿಗಳಲ್ಲಿ ನಡೆಸಿಕೊಂಡು, ನೇಣು, ಪ್ಲೇಗು, ಮಾಟಗಾತಿಯರ ಕಥೆ ಹೇಳುತ್ತಾ, ಕೊನೆಗೆ ಸೌತ್ ಬ್ರಿಡ್ಜ್ ಎಂಬ ಸೇತುವೆಯ ಕೆಳಗಿನ ಕೋಣೆಗಳಿಗೆ ಇಳಿಸುತ್ತಾರೆ. ಅಲ್ಲಿ ಒಬ್ಬರಿಗೆ ಮೈ ಜುಮ್ಮೆನ್ನುತ್ತದೆ, ಇನ್ನೊಬ್ಬರಿಗೆ ಯಾರೋ ಕೋಟು ಜಗ್ಗಿದಂತಾಗುತ್ತದೆ, ಮತ್ತೊಬ್ಬರು ತಲೆ ಸುತ್ತಿ ಕೂತುಬಿಡುತ್ತಾರೆ. ಇವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಲು ಕಾರಣವಿಲ್ಲ. ಆದ ಅನುಭವ ನಿಜ. ಅದು ಹೇಗಾಯಿತು ಎಂಬುದಷ್ಟೇ ಪ್ರಶ್ನೆ.

ಮೊದಲು ಜಾಗದ ವಿಷಯ. 1788ರಲ್ಲಿ ಓಡಾಟಕ್ಕೆ ತೆರೆದುಕೊಂಡ ಈ ಸೇತುವೆಗೆ 19 ಕಮಾನುಗಳು. ಈಗ ಕಣ್ಣಿಗೆ ಬೀಳುವುದು ಕೌಗೇಟ್ ಬೀದಿಯ ಮೇಲಿರುವ ಒಂದೇ ಒಂದು. ಉಳಿದವು ಎರಡೂ ಬದಿಯ ಕಟ್ಟಡಗಳ ಮರೆಗೆ ಹೋಗಿವೆ. ಕಮಾನುಗಳ ಒಳಗೆ ಅಂತಸ್ತು ಹಾಕಿ ಕೋಣೆಗಳನ್ನು ಮಾಡಿದರು. ಚಮ್ಮಾರರು, ವ್ಯಾಪಾರಿಗಳು, ಹೆಂಡದಂಗಡಿಯವರು ಬಂದರು. ಆದರೆ ಮೇಲಿನ ರಸ್ತೆಯಿಂದ ನೀರು ಇಳಿಯದಂತೆ ಸರಿಯಾಗಿ ಭದ್ರ ಮಾಡಿರಲಿಲ್ಲ. ಗೋಡೆ ಸದಾ ತೇವ, ಸರಕೆಲ್ಲ ಹಾಳು. ಅನುಕೂಲವಿದ್ದವರು ಜಾಗ ಖಾಲಿ ಮಾಡಿದರು, ಬೇರೆಲ್ಲೂ ನೆಲೆಯಿಲ್ಲದ ಬಡವರು ಬಂದು ಸೇರಿಕೊಂಡರು. ಆಮೇಲೆ ಕಲ್ಲುಮಣ್ಣು ತುಂಬಿ ಮರೆತೂಬಿಟ್ಟ ಈ ಕೋಣೆಗಳು ಮತ್ತೆ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ಅಗೆದಾಗ ಸಿಕ್ಕಿದ್ದು ರಾಶಿ ರಾಶಿ ಸಿಂಪಿ ಚಿಪ್ಪು, ಔಷಧದ ಸೀಸೆ, ತಟ್ಟೆ, ಮಕ್ಕಳ ಆಟಿಕೆ. 1828ರಲ್ಲಿ 16 ಜನರನ್ನು ಕೊಂದು ಹೆಣಗಳನ್ನು ಅಂಗರಚನೆಯ ಪಾಠಕ್ಕೆ ಮಾರಿದ ಬರ್ಕ್ ಮತ್ತು ಹೇರ್ ಜೋಡಿ ಇಲ್ಲೇ ಓಡಾಡಿತ್ತು ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೆ ಪುರಾವೆ ಇಲ್ಲ. ನನ್ನನ್ನು ಕೇಳಿದರೆ ಆ ತೇವದಲ್ಲಿ ಮಕ್ಕಳು ಆಡಿಕೊಂಡಿದ್ದರು ಎನ್ನುವುದೇ ಹೆಚ್ಚು ಭಯಾನಕ.

ಇನ್ನು ಕಣ್ಣು. ಬೆಳಕಿನಿಂದ ಕತ್ತಲೆಗೆ ಬಂದಾಗ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ರಾಡ್ ಕೋಶಗಳು ಪೂರ್ತಿ ಚುರುಕಾಗಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ತೆಪ್ಪಗೆ ಕೂತರೆ, ಎಲ್ಲಿಂದಲೋ ಚೂರು ಬೆಳಕು ನುಸುಳುತ್ತಿದ್ದರೂ ಕೋಣೆಯ ಮೂಲೆ, ಕಲ್ಲು, ಪಕ್ಕದವರ ಭುಜ ಎಲ್ಲ ಮಸುಕಾಗಿ ಕಾಣತೊಡಗುತ್ತವೆ. ಗೈಡ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಕಥೆಯ ನಡುವೆ ಟಾರ್ಚ್ ಹಾಕಿ ತನ್ನ ಮುಖ ತೋರಿಸುತ್ತಾರೆ, ಆರಿಸುತ್ತಾರೆ, ಮತ್ತೆ ಹಾಕುತ್ತಾರೆ. ಪ್ರತಿ ಸಲವೂ ನಮ್ಮ ಕಣ್ಣಿನ ಲೆಕ್ಕ ಮೊದಲಿನಿಂದ ಶುರು. ಸಾಲದ್ದಕ್ಕೆ, ನೋಟದ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ. ಕತ್ತಲಲ್ಲಿ ಏನಾದರೂ ಕಾಣುವುದು ಕಣ್ಣಂಚಿನಲ್ಲಿ ಮಾತ್ರ. ಅಂಚಿನಲ್ಲಿ ಕಂಡದ್ದನ್ನು ನೇರ ನೋಡಲು ತಿರುಗಿದಿರೋ, ಅದು ಮಾಯ. ದೆವ್ವದ ಬಗ್ಗೆ ಊರೂರಿನಲ್ಲೂ ಹೇಳುವ ಮಾತು ಇದೇ ತಾನೆ? ಓರೆಗಣ್ಣಿಗೆ ಕಂಡಿತು, ತಿರುಗಿ ನೋಡಿದರೆ ಇರಲಿಲ್ಲ.

ಈ ಕೋಣೆಗಳನ್ನೇ ಪ್ರಯೋಗಾಲಯ ಮಾಡಿಕೊಂಡವರು ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್. 2001ರಲ್ಲಿ ಅವರು ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕರನ್ನು, ಯಾವ ಕೋಣೆಗೆ ಯಾವ ಕುಖ್ಯಾತಿ ಎಂದು ಹೇಳದೆ, ಕೆಲವು ನಿಮಿಷಗಳ ಮಟ್ಟಿಗೆ ಒಳಗೆ ಬಿಟ್ಟು, ಏನನ್ನಿಸಿತು ಎಂದು ಬರೆಸಿಕೊಂಡರು. ವಿಚಿತ್ರ ಅನುಭವಗಳು ಹೆಚ್ಚು ವರದಿಯಾದದ್ದು ದೆವ್ವಕ್ಕೆ ಮೊದಲೇ ಹೆಸರಾಗಿದ್ದ ಕೋಣೆಗಳಿಂದ. ಆ ಹೆಸರು ಗೊತ್ತಿಲ್ಲದವರೂ ಅಲ್ಲೇ ಕಸಿವಿಸಿಪಟ್ಟಿದ್ದರು! ದೆವ್ವ ನಂಬುವವರು ಇಲ್ಲಿ ಚಪ್ಪಾಳೆ ಹೊಡೆಯಬಹುದು. ಆದರೆ ಅನುಭವಗಳು ಹೊಂದಿಕೊಂಡದ್ದು ಕೋಣೆಯ ಗಾತ್ರ, ಬೆಳಕಿನ ಪ್ರಮಾಣ ಮುಂತಾದ ಸಂಗತಿಗಳ ಜೊತೆ. ಎಲ್ಲಿ ನಿಂತರೆ ಹುಷಾರಾಗಿರಬೇಕು ಎಂದು ಮನುಷ್ಯನ ಮಿದುಳು ನಮಗೆ ತಿಳಿಸದೆಯೇ ಅಳೆಯುತ್ತಿರುತ್ತದೆ. ಒಂದೇ ಜಾಗ ನೂರಾರು ಜನರಿಗೆ ಒಂದೇ ಬಗೆಯ ಇರಿಸುಮುರಿಸು ಕೊಟ್ಟರೆ, ಕಾಲಕ್ರಮದಲ್ಲಿ ಅಲ್ಲೊಂದು ದೆವ್ವ ಕಾಯಂ ಆಗುವುದು ಸಹಜ.

ಆದರೆ ಇರಿಸುಮುರಿಸಿಗೆ ಮುಖವಿಲ್ಲ. ಮುಖ ಕೊಡುವುದು ಕಥೆ. 1997ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗ ನನಗೆ ಬಹಳ ಇಷ್ಟ. ಹಳೆಯ ರಂಗಮಂದಿರವೊಂದನ್ನು 22 ಜನ ಸುತ್ತಿದರು. ಅರ್ಧ ಜನರಿಗೆ ಇಲ್ಲಿ ದೆವ್ವವಿದೆ ಎಂದಿದ್ದರು, ಉಳಿದ ಅರ್ಧಕ್ಕೆ ರಿಪೇರಿ ನಡೆದಿದೆ ಎಂದಿದ್ದರು. ಅದೇ ಗೋಡೆ, ಅದೇ ಮೆಟ್ಟಿಲು. ವಿಚಿತ್ರ ಅನುಭವಗಳು ಎದ್ದು ಕಾಣುವಷ್ಟು ಹೆಚ್ಚು ಬಂದದ್ದು ದೆವ್ವದ ಸುದ್ದಿ ಕೇಳಿದವರಿಂದ. ಎಡಿನ್‌ಬರೋ ಗೈಡ್‌ಗಳು ‘ಮಿಸ್ಟರ್ ಬೂಟ್ಸ್’ ಎಂಬ ದೆವ್ವದ ಹೆಸರು ಹೇಳಿದ ಮೇಲೆ, ಪಕ್ಕದವರ ಹೆಜ್ಜೆಯೂ ಬೂಟಿನ ಸದ್ದೇ. ಬೆಂಗಳೂರಿನಿಂದ ಹೋದ ನಮ್ಮವರೊಬ್ಬರನ್ನು ಏನೂ ಹೇಳದೆ ಒಳಗೆ ಬಿಟ್ಟರೆ ಕೇಳಿಸುವುದು ಬಹುಶಃ ಗೆಜ್ಜೆ ಸದ್ದು. ಇದು ನನ್ನ ಊಹೆ, ಯಾರೂ ಪರೀಕ್ಷಿಸಿದ್ದಲ್ಲ.

ದೆವ್ವದ ವೈಜ್ಞಾನಿಕ ವಿವರಣೆ ಎಂದೊಡನೆ ಇನ್‌ಫ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ತಗ್ಗಿದ ಸದ್ದಿನ ಮಾತು ಬಂದೇ ಬರುತ್ತದೆ. ಇಂಗ್ಲೆಂಡಿನ ಕೊವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಲ್ಯಾಬ್‌ನಲ್ಲಿ ಬೂದು ಬಣ್ಣದ ಆಕೃತಿ ಕಂಡರು. ಮರುದಿನ ವೈಸ್ ಎಂಬ ಬಿಗಿಹಿಡಿಯುವ ಸಲಕರಣೆಗೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ಅದುರುವುದನ್ನು ಗಮನಿಸಿ, ಹೊಸ ಫ್ಯಾನ್ ಒಂದು ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಕಂಪನ ಎಬ್ಬಿಸುತ್ತಿದೆ ಎಂದು ಪತ್ತೆ ಮಾಡಿದರು. 1998ರಲ್ಲಿ ಪ್ರಕಟವಾದ ಈ ಪತ್ತೇದಾರಿ ಸೊಗಸಾಗಿದೆ. ಮುಂದೆ ಲಂಡನ್ನಿನ ಸಂಶೋಧಕರು ಕೃತಕ ‘ದೆವ್ವದ ಕೋಣೆ’ ಕಟ್ಟಿ 79 ಜನರನ್ನು ಕೂರಿಸಿದರು. ವಿಚಿತ್ರ ಅನುಭವಗಳೇನೋ ಧಾರಾಳವಾಗಿ ಬಂದವು. ಇನ್‌ಫ್ರಾಸೌಂಡ್ ಅಥವಾ ವಿದ್ಯುತ್ಕಾಂತ ಕ್ಷೇತ್ರ ಇದ್ದದ್ದಕ್ಕೂ ಇಲ್ಲದ್ದಕ್ಕೂ ಅವಕ್ಕೂ ಸಂಬಂಧ ಕಾಣಲಿಲ್ಲ. ಏನಾದರೂ ಆಗಬಹುದು ಎಂದು ಹೇಳಿ ಕೂರಿಸಿದ್ದೇ ಸಾಕಾಗಿರಬೇಕು ಎಂಬುದು ಅವರ ತೀರ್ಮಾನ. ಹಾಗಿದ್ದೂ 19 ಹರ್ಟ್ಸ್ ಕಥೆ ಇವತ್ತಿಗೂ ಸಾಬೀತಾದ ಸತ್ಯದಂತೆ ಓಡಾಡುತ್ತಿದೆ. ವಿಚಾರವಂತರ ದೆವ್ವದ ಕಥೆ ಎಂದರೆ ಅದೇ.

ಗೈಡ್‌ನ ಜಾಣತನ ಭಯದ ಅಳತೆಯಲ್ಲೂ ಇದೆ. ಡೆನ್ಮಾರ್ಕಿನ ಸಂಶೋಧಕರು ಭೂತಬಂಗಲೆಯೊಂದಕ್ಕೆ ಬಂದ 110 ಜನರಿಗೆ ಹೃದಯ ಬಡಿತ ಅಳೆಯುವ ಯಂತ್ರ ಕಟ್ಟಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು: ತೀರಾ ಕಡಿಮೆ ಹೆದರಿದವರಿಗೂ ತೀರಾ ಹೆಚ್ಚು ಹೆದರಿದವರಿಗೂ ಮಜಾ ಬರಲಿಲ್ಲ, ನಡುವಿನವರಿಗೆ ಬಂತು. ಅದಕ್ಕೇ ಪ್ರತಿ ಕೊಲೆಯ ಕಥೆಯ ಬೆನ್ನಿಗೊಂದು ಪೋಲಿ ಜೋಕು.

ಹಲವು ನಡಿಗೆಗಳು ಮುಗಿಯುವುದು ಪಬ್ಬಿನ ಬಾಗಿಲಲ್ಲಿ. ಅಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ವೈಸ್‌ಮನ್ ಅವರದೇ ಮತ್ತೊಂದು ಅಧ್ಯಯನದಲ್ಲಿ, ಕತ್ತಲ ಕೋಣೆಯಲ್ಲಿ ನಟನೊಬ್ಬ ‘ಮೇಜು ಏಳುತ್ತಿದೆ’ ಎಂದ. ಮೇಜು ಇದ್ದಲ್ಲೇ ಇತ್ತು. ನಂತರ ಕೇಳಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಜನ ಮೇಜು ಕದಲಿತು ಎಂದರು. ಬಿಯರ್ ಮುಂದಿಟ್ಟುಕೊಂಡು ‘ನಿಮಗೂ ತಣ್ಣಗಾಯಿತಾ?’ ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರ ನೆನಪಿಗೆ ಚಳಿ ಸೇರಿಕೊಳ್ಳುತ್ತದೆ. ಇದೇ ಊರಿನ ಗ್ರೇಫ್ರಯರ್ಸ್ ಸ್ಮಶಾನದಲ್ಲಿ 1691ರಲ್ಲಿ ಸತ್ತ ವಕೀಲ ಜಾರ್ಜ್ ಮೆಕೆಂಜಿಯ ಸಮಾಧಿಯಿದೆ. ಅಲ್ಲಿಗೆ ಹೋಗಿಬಂದವರು ಮೈಮೇಲೆ ಗೀರು, ಕಂದು ಗಾಯ ಕಂಡೆವು ಎಂದು 1990ರ ದಶಕದ ಕೊನೆಯಿಂದ ಹೇಳುತ್ತಲೇ ಇದ್ದಾರೆ. ಆ ವರದಿಗಳು ಗೈಡ್‌ಗಳ ಕೈ ಸೇರುತ್ತವೆ, ಮುಂದಿನ ಗುಂಪು ಅವನ್ನು ಕೇಳಿಸಿಕೊಂಡೇ ಒಳಗೆ ಹೋಗುತ್ತದೆ, ರಾತ್ರಿ ಬಟ್ಟೆ ಬದಲಿಸುವಾಗ ತೋಳು ತಿರುವಿ ಗೀರು ಹುಡುಕುತ್ತದೆ.