ಸೋಲದ ತಂಡಕ್ಕೆ ಬಾರದ ಕರೆ

1951ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ‘ಡಾನ್ಸ್’ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದಿತು. ಆದರೂ ಋತು ಮುಗಿದ ಮೇಲೆ, ಹೊಸ ವರ್ಷದ ಹೊತ್ತಿಗೆ ಕಾಲೇಜು ತಂಡಗಳು ಆಡುವ ಪ್ರತಿಷ್ಠೆಯ ‘ಬೌಲ್’ ಪಂದ್ಯಗಳಿಗೆ ಅದನ್ನು ಯಾರೂ ಕರೆಯಲಿಲ್ಲ. ಎದುರಾಳಿಗಳು ದುರ್ಬಲರಾಗಿದ್ದರು ಎಂಬುದು ಒಂದು ವಾದ. ತಂಡದಲ್ಲಿ ಇಬ್ಬರು ಕಪ್ಪು ವರ್ಣೀಯರಿದ್ದರು ಎಂಬುದು ಇನ್ನೊಂದು. ಎಪ್ಪತ್ತು ವರ್ಷ ದಾಟಿದರೂ ಈ ಜಗ್ಗಾಟ ನಿಂತಿಲ್ಲ.

ಬೌಲ್ ಎಂದರೆ ನಮ್ಮ ರಣಜಿ ಫೈನಲ್‌ನಂತಲ್ಲ. ಗೆಲ್ಲುತ್ತಾ ಹೋದರೆ ತಾನಾಗಿಯೇ ಸಿಗುವ ಜಾಗ ಅದಾಗಿರಲಿಲ್ಲ. ಬಹುತೇಕ ಬೌಲ್‌ಗಳಲ್ಲಿ ಆಯೋಜಕರು ಕರೆದವರಷ್ಟೇ ಆಡುತ್ತಿದ್ದರು. ದೊಡ್ಡ ಬೌಲ್‌ಗಳಲ್ಲಿ ಹೆಚ್ಚಿನವು ವರ್ಣಭೇದ ಜಾರಿಯಲ್ಲಿದ್ದ ದಕ್ಷಿಣದ ಊರುಗಳಲ್ಲಿದ್ದವು. ಉತ್ತರದ ತಂಡಗಳು ಅತ್ತ ಹೋದಾಗ ಕಪ್ಪು ಆಟಗಾರರನ್ನು ಹೊರಗಿಡುವುದು ದಶಕಗಳ ಅಲಿಖಿತ ಒಪ್ಪಂದ. ಮಹಾಯುದ್ಧದ ನಂತರ ಅದು ಅಲ್ಲಲ್ಲಿ ಬಿರುಕು ಬಿಟ್ಟಿತು. 1946ರಲ್ಲಿ ಪೆನ್ ಸ್ಟೇಟ್ ತಂಡ ತನ್ನ ಕಪ್ಪು ಆಟಗಾರರನ್ನು ಬಿಟ್ಟು ಮಿಯಾಮಿಗೆ ಹೋಗಲು ಒಪ್ಪದೆ ಪಂದ್ಯವನ್ನೇ ಕೈಬಿಟ್ಟಿತು. 1948ರ ಕಾಟನ್ ಬೌಲ್‌ನಲ್ಲಿ ಅದೇ ತಂಡ ಅವರೊಂದಿಗೇ ಡಲ್ಲಾಸ್‌ನಲ್ಲಿ ಆಡಿತು.

1951ರ ಅಕ್ಟೋಬರ್‌ನಲ್ಲಿ ಒಕ್ಲಹೋಮಾದಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್‌ನ ದವಡೆ ಎದುರಾಳಿಯ ಏಟಿಗೆ ಮುರಿಯಿತು. ಚೆಂಡು ಅವನ ಕೈಬಿಟ್ಟ ಮೇಲೆ ಬಿದ್ದ ಏಟನ್ನು ಒಂದರ ಹಿಂದೊಂದು ಫೋಟೋಗಳು ತೋರಿಸಿದವು. ಅವಕ್ಕೆ ಮರುವರ್ಷ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ಡಾನ್ಸ್ ಗೆಲ್ಲುತ್ತಾ ಸಾಗಿದ್ದು ಇದೇ ಋತುವಿನಲ್ಲಿ.

ಡಾನ್ಸ್‌ನ ಕಪ್ಪು ಆಟಗಾರ ಓಲಿ ಮ್ಯಾಟ್ಸನ್ ಆ ವರ್ಷ ಚೆಂಡು ಹಿಡಿದು ಓಡಿ ಗಳಿಸಿದ್ದು 1,566 ಗಜ, ದೇಶದಲ್ಲೇ ಅತಿ ಹೆಚ್ಚು. ಬರ್ಲ್ ಟೋಲರ್ ತಂಡದ ಇನ್ನೊಬ್ಬ ಕಪ್ಪು ಆಟಗಾರ. ಯುರೋಪಿನ ಯುದ್ಧಭೂಮಿಯಿಂದ ಮರಳಿದ್ದ ಜೀನೊ ಮಾರ್ಕೆಟ್ಟಿ ರಕ್ಷಣಾ ಸಾಲಿನಲ್ಲಿದ್ದ. ಕೋಚ್ ಜೋ ಕುಹಾರಿಚ್. ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೊಜೆಲ್ ಎಂಬ ಹುಡುಗ ಮುಂದೆ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಆಯುಕ್ತನಾದ! ಸ್ಟಾಕ್‌ಟನ್‌ನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡವನ್ನು 47-14ರಿಂದ ಮಣಿಸಿದ ಮೇಲೆ ಬೌಲ್ ಆಸೆ ಗಟ್ಟಿಯಾಗಿತ್ತು. ಇಬ್ಬರನ್ನು ಬಿಟ್ಟು ಬಂದರೆ ಜಾಗವಿದೆ ಎಂಬ ಮಾತು ಬಂತೆಂದೂ, ಉಳಿದವರು ‘ಬಂದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ’ ಎಂದರೆಂದೂ ಆಟಗಾರರು ಹೇಳುತ್ತಾ ಬಂದಿದ್ದಾರೆ. ಇಂಥ ಷರತ್ತುಗಳನ್ನು ಯಾರೂ ಕಾಗದದಲ್ಲಿ ಬರೆದು ಕಳಿಸುವುದಿಲ್ಲ. ಹಾಗಾಗಿ ‘ಎದುರಾಳಿಗಳು ದುರ್ಬಲ’ ಎಂಬ ಕಾರಣ ಇಂದಿಗೂ ಚಲಾವಣೆಯಲ್ಲಿದೆ. ಡಾನ್ಸ್ ಎದುರಾಳಿಗಳಲ್ಲಿ ಘಟಾನುಘಟಿಗಳು ಕಡಿಮೆ ಎಂಬುದೂ ಸುಳ್ಳಲ್ಲ. ಆದರೆ ದೇಶದ ಪಟ್ಟಿಯಲ್ಲಿ ತಂಡ 14ನೇ ಸ್ಥಾನದಲ್ಲಿತ್ತು. ಮಿಯಾಮಿಯ ಆರೆಂಜ್ ಬೌಲ್‌ಗೆ ಹೋದದ್ದು ಜಾರ್ಜಿಯಾ ಟೆಕ್ ಮತ್ತು ಬೇಲರ್. ಎರಡರಲ್ಲೂ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ.

ಬೌಲ್ ಆಡಿದ್ದರೆ ಹಣವಾದರೂ ಬರುತ್ತಿತ್ತು. ನಷ್ಟದಲ್ಲಿದ್ದ ವಿಶ್ವವಿದ್ಯಾಲಯ ಆ ಋತು ಮುಗಿಯುತ್ತಿದ್ದಂತೆ ದೊಡ್ಡ ಮಟ್ಟದ ಫುಟ್‌ಬಾಲನ್ನೇ ನಿಲ್ಲಿಸಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಓಟಗಳಲ್ಲಿ ಬೆಳ್ಳಿ, ಕಂಚು ಎರಡನ್ನೂ ತಂದ. ಮೊಣಕಾಲಿನ ಗಾಯದಿಂದ ಆಟ ಬಿಟ್ಟ ಟೋಲರ್ 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ತೀರ್ಪುಗಾರನಾದ.