ಇಬ್ಬನಿಯ ಲೆಕ್ಕ: ಭೂಮಿ ಬಿಸಿಯಾದರೆ ಬೆಳೆಯ ಶಿಲೀಂಧ್ರಕ್ಕೆ ಲಾಭವೇ?

ರೋಗ ತ್ರಿಕೋನ ಗೊತ್ತಿರುವುದೇ: ಬೆಳೆ, ರೋಗಕಾರಕ, ಪರಿಸರ ಮೂರೂ ಕೂಡಿದರೆ ಮಾತ್ರ ರೋಗ. ಅದನ್ನು ದಾಟಿ, ನಿಜವಾಗಿ ತಲೆ ಕೆಡಿಸುವ ಜಾಗಕ್ಕೆ, ಅಂದರೆ ಶಿಲೀಂಧ್ರಕ್ಕೆ ಬೇಕಾದ ತೇವದ ಲೆಕ್ಕಕ್ಕೆ ಬರೋಣ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ ಎನ್ನುತ್ತದೆ ಒಂದು ಪಾಠ. ಬಿಸಿಯಾದರೆ ಆರ್ದ್ರತೆ ಕುಸಿಯುತ್ತದೆ ಎನ್ನುತ್ತದೆ ಇನ್ನೊಂದು. ಯಾವುದನ್ನು ನಂಬುವುದು?

ಎರಡೂ ಸರಿಯೇ. ಅಂಕಿ ಹಾಕಿದರೆ ಗಂಟು ಬಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯ ಒತ್ತಡದ ಮಿತಿ 23.4 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ). ಸಾಪೇಕ್ಷ ಆರ್ದ್ರತೆ, ಅಂದರೆ ಆ ಮಿತಿಯಲ್ಲಿ ತುಂಬಿರುವ ಪಾಲು, ಶೇ. 90 ಎಂದರೆ, ಗಾಳಿಯಲ್ಲಿ ಇರುವುದು ಸುಮಾರು 21. ಆವಿ ಅಷ್ಟೇ ಉಳಿದು ಉಷ್ಣತೆ 25ಕ್ಕೆ ಏರಿದರೆ ಮಿತಿ 31.7 ಆಗುತ್ತದೆ, ಆರ್ದ್ರತೆ ಶೇ. 66ಕ್ಕೆ ಇಳಿಯುತ್ತದೆ. ಆದರೆ ಇಬ್ಬನಿ ಬಿಂದು (ಆವಿ ಹನಿಗಟ್ಟಲು ತೊಡಗುವ ಉಷ್ಣತೆ) ಎರಡು ಸಲವೂ ಸುಮಾರು 18.3 ಡಿಗ್ರಿಯೇ! ಮೊದಲ ಸಂದರ್ಭದಲ್ಲಿ ಎಲೆ ಗಾಳಿಗಿಂತ 1.7 ಡಿಗ್ರಿ ತಣ್ಣಗಾದರೆ ಹನಿ ಕಟ್ಟುತ್ತದೆ, ಎರಡನೆಯದರಲ್ಲಿ 6.7 ಡಿಗ್ರಿ ತಣ್ಣಗಾಗಬೇಕು. ಇನ್ನು, ಕಾದ ಸಮುದ್ರದಿಂದ ಹೊಸ ಆವಿ ಬಂದು ಸೇರಿದರೆ ಇಬ್ಬನಿ ಬಿಂದುವೇ ಮೇಲೇರಿ, ಎಲೆ ಮತ್ತೆ ತೋಯುತ್ತದೆ. ಹಾಗಾಗಿ ಉಷ್ಣತೆಯೊಂದನ್ನೇ ಕೊಟ್ಟು ರೋಗ ಹೆಚ್ಚುತ್ತದೆಯೇ ಎಂದು ಕೇಳುವ ಪ್ರಶ್ನೆ ಅಪೂರ್ಣ.

ಶಿಲೀಂಧ್ರದ ಬೀಜಕಣ ಮೊಳೆಯಲು ಬೇಕಾದದ್ದು ಎಲೆಯ ಮೇಲಿನ ನೀರಿನ ಪೊರೆ, ಅದೂ ಸಾಕಷ್ಟು ಹೊತ್ತು. ಗೋಧಿಯ ಹಳದಿ ತುಕ್ಕು ಎಂಬ ಶಿಲೀಂಧ್ರ ರೋಗಕ್ಕೆ ತಂಪಿನಲ್ಲಿ ಕನಿಷ್ಠ 3 ಗಂಟೆಯಾದರೂ ತೇವ ಬೇಕು. ಅದಕ್ಕೆ ಮೊದಲೇ ಎಲೆ ಒಣಗಿದರೆ ಮೊಳಕೆಯೊಡೆದ ಕಣ ಪತ್ರರಂಧ್ರ (ಎಲೆಯ ಉಸಿರಾಟದ ಸಣ್ಣ ತೂತು) ತಲುಪದೆ ಸಾಯುತ್ತದೆ. ಬೂದಿ ರೋಗ ಮಾತ್ರ ಬೇರೆ ಜಾತಿ: ಅದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಿಲ್ಲ.

ತಂಪು ಬೇಡುವ ಹಳದಿ ತುಕ್ಕು ಬಿಸಿಗೆ ಸೋಲುತ್ತದೆ ಎಂದು ಬರೆದು ಮುಗಿಸುವಂತಿಲ್ಲ. 2000ದಿಂದೀಚೆಗೆ ಹರಡಿದ ಅದರ ತಳಿಗಳು ಹೆಚ್ಚು ಉಷ್ಣತೆಯನ್ನು ತಾಳಿಕೊಳ್ಳುತ್ತವೆ.

ಬೆಳೆಯ ಪ್ರತಿರೋಧವೂ ಉಷ್ಣತೆಗೆ ತಕ್ಕಂತೆ ಆಡುತ್ತದೆ. ಗೋಧಿಯ ಕಾಂಡ ತುಕ್ಕನ್ನು ತಡೆಯುವ ಎಸ್‌ಆರ್6 ಜೀನ್ 20 ಡಿಗ್ರಿಯ ಸುಮಾರಿನಲ್ಲಿ ಗಟ್ಟಿ, 25 ದಾಟಿದರೆ ಕೈಕೊಡುತ್ತದೆ. ಹಳದಿ ತುಕ್ಕಿನ ವಿರುದ್ಧದ ವೈಆರ್36 ಜೀನ್ ಇದಕ್ಕೆ ತದ್ವಿರುದ್ಧ. ಅದು ಕೆಲಸ ಮಾಡುವುದೇ 25ರಿಂದ 35 ಡಿಗ್ರಿಯಲ್ಲಿ.

ತೇವದ ಲೆಕ್ಕ ಪೂರ್ತಿ ತಲೆಕೆಳಗಾಗುವುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನಲ್ಲಿ. ಬರದಿಂದ ಬಳಲಿದ ಮೆಕ್ಕೆಜೋಳ, ಕಡಲೆಕಾಯಿ ಅದಕ್ಕೆ ಸುಲಭದ ತುತ್ತು. 2012ರಲ್ಲಿ ಸರ್ಬಿಯಾದ ಮೆಕ್ಕೆಜೋಳ ಬಿಸಿಲು, ಬರಗಳಲ್ಲಿ ಬೆಂದಿತು. ಕಾಳಿನಲ್ಲಿ ಸೇರಿದ, ಈ ಶಿಲೀಂಧ್ರ ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಮೇವಿನ ಮೂಲಕ ಹಸುಗಳಿಗೆ ಹೋಗಿ, 2013ರ ಹೊತ್ತಿಗೆ ಹಾಲಿನಲ್ಲಿ ಪತ್ತೆಯಾಯಿತು.