ಸ್ಟೇಕ್‌ಹೋಲ್ಡರ್ ಮಧ್ಯಸ್ಥಗಾರ ಅಲ್ಲ

"ಕಂಪನಿಯು ತನ್ನ ಎಲ್ಲ ಮಧ್ಯಸ್ಥಗಾರರ ಹಿತವನ್ನು ಕಾಪಾಡಬೇಕು." ಬಿಸಿನೆಸ್ ಎಥಿಕ್ಸ್ ಬಗ್ಗೆ ಬರೆದ ಇನ್ನೊಂದು ಸ್ನಾತಕೋತ್ತರ ಪ್ರಬಂಧದಲ್ಲಿ ಮತ್ತೆ ಈ ವಾಕ್ಯ ಕಣ್ಣಿಗೆ ಬಿತ್ತು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವರದಿಗಳ ಅನುವಾದದಲ್ಲೂ ಸ್ಟೇಕ್‌ಹೋಲ್ಡರ್ ಅನ್ನುವುದಕ್ಕೆ ಇದೇ ಪದ, ಸುದ್ದಿಯಲ್ಲೂ ಇದೇ. ಮಧ್ಯಸ್ಥಗಾರ ಅಂದರೆ ಇಬ್ಬರ ಜಗಳದ ನಡುವೆ ನಿಂತು ರಾಜಿ ಮಾಡಿಸುವವನು ಅಲ್ವಾ? ಕಾರ್ಮಿಕರು ಯಾರ ಜಗಳ ಬಿಡಿಸುತ್ತಿದ್ದಾರೆ? ಕಾರ್ಖಾನೆಯ ಪಕ್ಕದ ಹೊಳೆ ನೀರು ಕುಡಿಯುವವರು ಯಾರ ಯಾರ ನಡುವೆ ರಾಜಿ ಮಾಡಿಸಬೇಕು? ಬರೆದವರು ತಮ್ಮ ವಾಕ್ಯವನ್ನು ತಾವೇ ಇನ್ನೊಮ್ಮೆ ಓದಿದ್ದರೆ ಸಾಕಿತ್ತು.

ಆದರೆ ಈ ತಪ್ಪಿನ ಹಿಂದೆ ಒಂದು ಹಳೆ ಕಥೆ ಇದೆ. ಅದು ಗೊತ್ತಿದ್ದರೆ ಪದವೂ ಅರ್ಥವಾಗುತ್ತದೆ, ಆ ಪದ ಹೊತ್ತು ತಂದ ವಾದವೂ ಅರ್ಥವಾಗುತ್ತದೆ.

ಇಂಗ್ಲಿಷ್‌ನಲ್ಲಿ ಸ್ಟೇಕ್‌ಹೋಲ್ಡರ್ ಅನ್ನುವ ಪದ 18ನೇ ಶತಮಾನದ ಶುರುವಿನಿಂದ ಇದೆ. ಆಗ ಅದು ಜೂಜಿನ ಮಾತು. ಇಬ್ಬರು ಬಾಜಿ ಕಟ್ಟುತ್ತಾರೆ. ಸೋತವನು ದುಡ್ಡು ಕೊಡದೆ ಜಾರಿಕೊಂಡರೆ? ಹಾಗಾಗಬಾರದು ಅಂತ ಇಬ್ಬರೂ ತಮ್ಮ ಪಣವನ್ನು ಮೊದಲೇ ಮೂರನೆಯವನ ಕೈಗೆ ಕೊಟ್ಟುಬಿಡುತ್ತಾರೆ. ಗೆದ್ದವನಿಗೆ ಅವನು ಎಲ್ಲವನ್ನೂ ಎಣಿಸಿ ಕೊಡುತ್ತಾನೆ. ಸ್ಟೇಕ್ ಅಂದರೆ ಪಣ. ಅದನ್ನು ಹಿಡಿದಿಟ್ಟುಕೊಂಡವನು ಸ್ಟೇಕ್‌ಹೋಲ್ಡರ್. ಅವನಿಗೆ ಬೇಕಾದ ಅರ್ಹತೆ ಒಂದೇ: ಆ ಆಟದಲ್ಲಿ ಅವನದು ಅಂತ ಏನೂ ಇರಬಾರದು. ಯಾರು ಗೆದ್ದರೂ ಅವನಿಗೆ ಲಾಭವಿಲ್ಲ, ನಷ್ಟವಿಲ್ಲ. ಅದಕ್ಕೇ ಅವನನ್ನು ನಂಬುತ್ತಾರೆ.

ಇಂಗ್ಲೆಂಡಿನ ಕಾನೂನಿನಲ್ಲಿ ಈ ಅರ್ಥ ಇವತ್ತಿಗೂ ಇದೆ. ಮನೆ ಮಾರಾಟದಲ್ಲಿ ಮುಂಗಡ ಹಣವನ್ನು ವಕೀಲರು ಸ್ಟೇಕ್‌ಹೋಲ್ಡರ್ ಆಗಿ ಇಟ್ಟುಕೊಳ್ಳುವುದುಂಟು. ವ್ಯವಹಾರ ಮುಗಿಯುವ ತನಕ ಮಾರುವವರಿಗೂ ಅದನ್ನು ಕೊಡುವಂತಿಲ್ಲ, ಕೊಳ್ಳುವವರಿಗೂ ವಾಪಸ್ ಮಾಡುವಂತಿಲ್ಲ. ಈ ಅರ್ಥಕ್ಕೆ ಮಧ್ಯಸ್ಥಗಾರ ಪರವಾಗಿಲ್ಲ, ಹತ್ತಿರದ ಪದವೇ. ಹಳೆ ಅರ್ಥಕ್ಕೆ ಹೊಂದುವ ಪದವನ್ನು ತಂದು ಹೊಸ ಅರ್ಥದ ಮೇಲೆ ಅಂಟಿಸಿದ್ದೇ ತೊಂದರೆ.

ಹೊಸ ಅರ್ಥ ಹುಟ್ಟಿದ್ದು ಅಮೆರಿಕದಲ್ಲಿ. 1963ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಒಳಗಿನ ಒಂದು ಟಿಪ್ಪಣಿಯಲ್ಲಿ ಇದು ಕಾಣಿಸಿಕೊಂಡಿತು. ಕಂಪನಿ ಅಂದರೆ ಸ್ಟಾಕ್‌ಹೋಲ್ಡರ್, ಅಂದರೆ ಷೇರುದಾರ, ಅವನೊಬ್ಬನೇ ಅಂತ ಆಗ ಎಲ್ಲರ ಲೆಕ್ಕ. ಆ ಪದದ ಪಕ್ಕಕ್ಕೇ ಪ್ರಾಸದ ಹಾಗೆ ಸ್ಟೇಕ್‌ಹೋಲ್ಡರ್ ಅನ್ನುವುದನ್ನು ತಂದು ನಿಲ್ಲಿಸಿದರು. ಯಾವ ಗುಂಪುಗಳ ಬೆಂಬಲ ಇಲ್ಲದಿದ್ದರೆ ಸಂಸ್ಥೆಯೇ ಉಳಿಯುವುದಿಲ್ಲವೋ ಆ ಗುಂಪುಗಳು ಅನ್ನುವ ಅರ್ಥ ಕೊಟ್ಟರು. ಅಲ್ಲಿಗೆ ಪದ ಪೂರ್ತಿ ತಿರುವುಮುರುವಾಯಿತು. ಮೊದಲು ಆಟದಲ್ಲಿ ಏನೂ ಇಲ್ಲದವನು ಸ್ಟೇಕ್‌ಹೋಲ್ಡರ್. ಈಗ ಆಟದಲ್ಲಿ ತನ್ನದು ಏನಾದರೂ ಇರುವವನು ಸ್ಟೇಕ್‌ಹೋಲ್ಡರ್.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಪಾಲುದಾರ ಅಂದರೆ ಲಾಭದಲ್ಲಿ ಪಾಲು ಇರುವವನು. ಹೊಳೆ ನೀರು ಕುಡಿಯುವವರಿಗೆ ಲಾಭದಲ್ಲಿ ಪಾಲಿಲ್ಲ. ಷೇರುದಾರ ಹಲವರಲ್ಲಿ ಒಬ್ಬ, ಅಷ್ಟೇ. ಹಿತಾಸಕ್ತರು ಅಂದ ಕೂಡಲೇ ಹಿಂದಿನಿಂದ 'ಪಟ್ಟಭದ್ರ' ಬಂದು ನಿಲ್ಲುತ್ತದೆ. ನನ್ನ ಕೇಳಿದರೆ ಸ್ಟೇಕ್‌ಹೋಲ್ಡರ್ ಅಂತಲೇ ಬರೆಯಿರಿ. ಆದರೆ ಅರ್ಥ ಮಾಡಿಕೊಳ್ಳುವಾಗ ನಮ್ಮ 'ಪಣ' ಅನ್ನುವ ಪದ ಹಿಡಿಯಿರಿ. ಜೀವ ಪಣಕ್ಕಿಟ್ಟು ದುಡಿದ, ಮಾನ ಪಣಕ್ಕಿಟ್ಟ ಅಂತ ದಿನಾ ಅನ್ನುತ್ತೇವಲ್ಲ, ಅದೇ ಪಣ. ಕಂಪನಿಯ ಒಂದು ತೀರ್ಮಾನದಲ್ಲಿ ಯಾರದ್ದು ಏನು ಪಣಕ್ಕಿದೆ ಅಂತ ಕೇಳಿದರೆ ಸ್ಟೇಕ್‌ಹೋಲ್ಡರ್ ಸಿಗುತ್ತಾನೆ.

ಇಲ್ಲಿಂದ ಮುಂದಿನದು ಇನ್ನೂ ದೊಡ್ಡ ಗೊಂದಲ. ಸ್ಟೇಕ್‌ಹೋಲ್ಡರ್ ವಾದವನ್ನು ಬೆಳೆಸಿದ ಅಮೆರಿಕದ ಚಿಂತಕ ಎಡ್ವರ್ಡ್ ಫ್ರೀಮನ್ 1984ರ ತನ್ನ ಪುಸ್ತಕದಲ್ಲಿ ಕೊಟ್ಟ ವ್ಯಾಖ್ಯೆಯನ್ನು ಪ್ರತಿ ಪ್ರಬಂಧದಲ್ಲೂ ಎತ್ತಿ ಬರೆಯುತ್ತಾರೆ. ಸಂಸ್ಥೆ ತನ್ನ ಗುರಿ ಮುಟ್ಟುವುದರ ಮೇಲೆ ಪರಿಣಾಮ ಬೀರಬಲ್ಲ, ಇಲ್ಲವೇ ಅದರಿಂದ ಪರಿಣಾಮಕ್ಕೆ ಒಳಗಾಗುವ ಯಾವುದೇ ಗುಂಪು ಅಥವಾ ವ್ಯಕ್ತಿ. ವಾಕ್ಯಕ್ಕೆ ಎರಡು ಅರ್ಧ ಇದೆ. ಮೊದಲನೆಯದು ಕಂಪನಿಗೆ ಬಿಸಿ ಮುಟ್ಟಿಸಬಲ್ಲವರು. ಎರಡನೆಯದು ಕಂಪನಿಯಿಂದ ಬಿಸಿ ತಟ್ಟಿಸಿಕೊಳ್ಳುವವರು. ವ್ಯಾಖ್ಯೆ ಬರೆದು ಮುಗಿಸಿದ ಮೇಲೆ ಮುಂದಿನ ಪುಟದಲ್ಲಿ ಪಟ್ಟಿ ಬರುತ್ತದೆ: ಹೂಡಿಕೆದಾರರು, ಬ್ಯಾಂಕು, ಸರ್ಕಾರ, ದೊಡ್ಡ ಗ್ರಾಹಕರು, ಮಾಧ್ಯಮ. ಎಲ್ಲರೂ ಮೊದಲ ಅರ್ಧದವರೇ. ಎರಡನೆಯ ಅರ್ಧ ಎಲ್ಲಿ ಹೋಯಿತು?

ಎರಡನೆಯ ಅರ್ಧದವರ ವಿಶೇಷ ಏನೆಂದರೆ, ಅವರು ಎಷ್ಟೋ ಸಲ ಆಟಕ್ಕೆ ತಾವಾಗಿ ಬಂದವರೇ ಅಲ್ಲ. ಧರ್ಮರಾಯ ಪಗಡೆಯಲ್ಲಿ ದ್ರೌಪದಿಯನ್ನು ಪಣಕ್ಕಿಟ್ಟಾಗ ಅವಳು ಆ ಸಭೆಯಲ್ಲೇ ಇರಲಿಲ್ಲ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಅಂತ ಅವಳು ಕೇಳಿದ್ದು ಆಮೇಲೆ. ಸ್ಟೇಕ್‌ಹೋಲ್ಡರ್ ವಾದದ ತಿರುಳು ಈ ಪ್ರಶ್ನೆಯಲ್ಲೇ ಇದೆ. ನಿಮ್ಮ ಲಾಭದ ಆಟಕ್ಕೆ ಬೇರೆಯವರ ಜೀವವನ್ನು ಪಣವಾಗಿಡಲು ನಿಮಗೆ ಯಾರು ಹಕ್ಕು ಕೊಟ್ಟರು?

ಬಾಂಗ್ಲಾದೇಶದ ರಾಣಾ ಪ್ಲಾಜಾ ದುರಂತವನ್ನು ನೋಡಿ. ಢಾಕಾ ಹತ್ತಿರದ ಸಾವರ್‌ನಲ್ಲಿ ಎಂಟು ಮಹಡಿಯ ಕಟ್ಟಡ. ಕೆಳಗೆ ಅಂಗಡಿಗಳು, ಒಂದು ಬ್ಯಾಂಕು. ಮೇಲೆ ಗಾರ್ಮೆಂಟ್ಸ್ ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತು. ಜನರನ್ನು ಹೊರಗೆ ಕಳಿಸಿದರು. ಮರುದಿನ ಬ್ಯಾಂಕು, ಅಂಗಡಿಗಳು ಬಾಗಿಲು ತೆರೆಯಲಿಲ್ಲ. ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಕೆಲಸಕ್ಕೆ ಕರೆದರು. ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದ್ದೂ ಇದೆ. ಬೆಳಗ್ಗೆ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು, ಕಟ್ಟಡ ಕುಸಿಯಿತು. 1,134 ಜನ ಸತ್ತರು.

ಒಂದೇ ಕಟ್ಟಡ, ಅದೇ ಬಿರುಕು. ಬ್ಯಾಂಕಿನವರಿಗೆ ಬಾಗಿಲು ಹಾಕಲು ಆಯಿತು. ಹೊಲಿಗೆಯವರಿಗೆ ಬರಲ್ಲ ಅನ್ನಲು ಆಗಲಿಲ್ಲ. ಈಗ ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಹೇಳಿಕೊಡುವ ಪವರ್-ಇಂಟರೆಸ್ಟ್ ಗ್ರಿಡ್ ತೆಗೆದುಕೊಳ್ಳಿ. ಯಾರಿಗೆ ಎಷ್ಟು ಬಲ, ಎಷ್ಟು ಆಸಕ್ತಿ ಅಂತ ನೋಡಿ ಜನರನ್ನು ವಿಂಗಡಿಸುವ ನಾಲ್ಕು ಚೌಕ. ಬಲವೂ ಆಸಕ್ತಿಯೂ ಜಾಸ್ತಿ ಇದ್ದವರನ್ನು ಹತ್ತಿರದಿಂದ ನೋಡಿಕೊಳ್ಳಿ, ಆಸಕ್ತಿ ಇದ್ದೂ ಬಲ ಇಲ್ಲದವರಿಗೆ ಮಾಹಿತಿ ಕೊಟ್ಟರೆ ಸಾಕು. ಆ ಕಾರ್ಮಿಕರು ಯಾವ ಚೌಕಕ್ಕೆ ಬೀಳುತ್ತಾರೆ? ಮಾಹಿತಿ ಕೊಟ್ಟರೆ ಸಾಕು ಅನ್ನುವ ಚೌಕಕ್ಕೆ. ಈ ಗ್ರಿಡ್ ಕಂಪನಿಗೆ ಯಾರಿಂದ ಅಪಾಯ ಅಂತ ಹೇಳುತ್ತದೆ. ಕಂಪನಿಯಿಂದ ಯಾರಿಗೆ ಅಪಾಯ ಅನ್ನುವುದನ್ನು ಅದು ಕೇಳುವುದೇ ಇಲ್ಲ. ಅದನ್ನು ಎಥಿಕ್ಸ್ ಅಧ್ಯಾಯದಲ್ಲಿ ಹಾಕಿ 'ನೈತಿಕ ವಿಶ್ಲೇಷಣೆ' ಅಂತ ಹೆಸರಿಡಬೇಡಿ, ದಯವಿಟ್ಟು.

ದುರಂತದ ಮರುತಿಂಗಳು ಬಟ್ಟೆ ಬ್ರ್ಯಾಂಡ್‌ಗಳು ಮತ್ತು ಜಾಗತಿಕ ಕಾರ್ಮಿಕ ಸಂಘಟನೆಗಳು ಸೇರಿ ಬಾಂಗ್ಲಾದೇಶ ಅಕಾರ್ಡ್ ಅನ್ನುವ ಒಪ್ಪಂದ ಮಾಡಿಕೊಂಡವು. ಕಾನೂನಿನ ಬಲ ಇದ್ದ ಒಪ್ಪಂದ ಅದು. ಕಟ್ಟಡ ಅಪಾಯದಲ್ಲಿದೆ ಅನ್ನಿಸಿದರೆ ಒಳಗೆ ಕಾಲಿಡಲ್ಲ ಅನ್ನುವ ಹಕ್ಕು ಕಾರ್ಮಿಕರಿಗಿದೆ ಅಂತ ಅದರಲ್ಲಿ ಬರೆದಿತ್ತು. ಎರಡನೆಯ ಅರ್ಧದವರನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅಂದರೆ ಇದು. ವರದಿಯ ಕೊನೆಯಲ್ಲಿ ಅವರ ನಗುಮುಖದ ಫೋಟೋ ಹಾಕಿದರೆ ಆಗಲ್ಲ.

ಇದೇ ದಾರಿಯಲ್ಲಿ ಇನ್ನೊಂದು ತಪ್ಪೂ ಆಗುತ್ತದೆ. 1997ರಲ್ಲಿ ಮಿಚೆಲ್, ಏಗಲ್, ವುಡ್ ಅನ್ನುವ ಮೂವರು ಸಂಶೋಧಕರು ಒಂದು ಮಾದರಿ ಕೊಟ್ಟರು. ಬಲ, ನ್ಯಾಯಬದ್ಧತೆ, ತುರ್ತು, ಈ ಮೂರರಲ್ಲಿ ಎಷ್ಟು ಇದೆ ಅನ್ನುವುದರ ಮೇಲೆ ಮ್ಯಾನೇಜರ್‌ಗಳು ಯಾರ ಕಡೆ ಗಮನ ಕೊಡುತ್ತಾರೆ ಅಂತ ಹೇಳುವ ಮಾದರಿ. ಗಮನ ಕೊಡುತ್ತಾರೆ, ಕೊಡಬೇಕು ಅಲ್ಲ. ನ್ಯಾಯವೂ ತುರ್ತೂ ಇದ್ದು ಬಲ ಮಾತ್ರ ಇಲ್ಲದವರಿಗೆ ಈ ಮೂವರು 'ಅವಲಂಬಿತರು' ಅಂತ ಹೆಸರಿಟ್ಟರು. ಉದಾಹರಣೆಗೆ 1989ರ ಎಕ್ಸಾನ್ ವಾಲ್ಡೀಸ್ ಹಡಗಿನ ತೈಲ ಸೋರಿಕೆಯಲ್ಲಿ ನೊಂದ ಅಲಾಸ್ಕಾದ ಜನರನ್ನು, ಪ್ರಾಣಿಪಕ್ಷಿಗಳನ್ನು ತೆಗೆದುಕೊಂಡರು. ಇಂಥವರ ಮಾತು ನಡೆಯಬೇಕಾದರೆ ಬಲ ಇದ್ದ ಬೇರೆಯವರು ಅವರ ಪರ ನಿಲ್ಲಬೇಕು ಅನ್ನುವುದು ಅವರು ಕಂಡುಕೊಂಡ ವಿಷಯ. ಪ್ರಬಂಧಗಳಲ್ಲಿ ಇದು 'ಬಲ ಇಲ್ಲದವರಿಗೆ ಕಡಿಮೆ ಆದ್ಯತೆ ಸರಿ' ಅಂತ ಆಗಿಬಿಡುತ್ತದೆ. ಇದಕ್ಕೂ ಎರಡು ವರ್ಷ ಮುಂಚೆ, 1995ರಲ್ಲಿ, ಡೊನಾಲ್ಡ್‌ಸನ್ ಮತ್ತು ಪ್ರೆಸ್ಟನ್ ಅನ್ನುವ ಇಬ್ಬರು ವಿದ್ವಾಂಸರು ಈ ಗೊಂದಲ ಬಿಡಿಸಿಟ್ಟಿದ್ದರು. ಕಂಪನಿಗಳು ಹೀಗೆ ಮಾಡುತ್ತವೆ ಅನ್ನುವುದು ಒಂದು. ಹೀಗೆ ಮಾಡಿದರೆ ಲಾಭ ಹೆಚ್ಚುತ್ತದೆ ಅನ್ನುವುದು ಇನ್ನೊಂದು. ಹೀಗೆ ಮಾಡುವುದೇ ಸರಿ ಅನ್ನುವುದು ಮೂರನೆಯದು. ಬುನಾದಿ ಮೂರನೆಯದೇ ಅಂತ ಅವರು ವಾದಿಸಿದರು. ಸ್ಟೇಕ್‌ಹೋಲ್ಡರ್ ಬಗ್ಗೆ ಒಂದು ವಾಕ್ಯ ಬರೆದಾಗಲೆಲ್ಲ ಅದು ಈ ಮೂರರಲ್ಲಿ ಯಾವುದು ಅಂತ ನೋಡಿಕೊಂಡರೆ ಅರ್ಧ ಪ್ರಬಂಧ ತಾನಾಗಿ ಸರಿಹೋಗುತ್ತದೆ.

ಇನ್ನು ಕಂಪನಿಯ ಹೊಣೆ ಲಾಭ ಹೆಚ್ಚಿಸುವುದು ಅಂದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1970ರ ಅವರ ಲೇಖನವನ್ನು ಲಾಭ ಬಿಟ್ಟು ಬೇರೇನೂ ಇಲ್ಲ ಅಂತ ಹೇಳಿದ್ದು ಅಂತಲೇ ಬಳಸುತ್ತಾರೆ. ಕಾನೂನಿಗೂ ಸಮಾಜದ ನೈತಿಕ ರೂಢಿಗೂ ಬದ್ಧವಾಗಿ ಅನ್ನುವ ಮಾತೂ ಅಲ್ಲೇ ಇದೆ. ಅವರನ್ನು ಒಪ್ಪಬೇಕಿಲ್ಲ, ಪೂರ್ತಿ ಓದಿ ಬಯ್ಯಿರಿ.

2019ರ ಆಗಸ್ಟ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಸಿಇಒಗಳ ಸಂಘವಾದ ಬಿಸಿನೆಸ್ ರೌಂಡ್‌ಟೇಬಲ್ ಒಂದು ಹೇಳಿಕೆ ಹೊರಡಿಸಿತು. 181 ಸಿಇಒಗಳ ಸಹಿ ಇತ್ತು. ಗ್ರಾಹಕರು, ನೌಕರರು, ಸರಬರಾಜುದಾರರು, ಸುತ್ತಲಿನ ಸಮುದಾಯ, ಷೇರುದಾರರು, ಎಲ್ಲ ಸ್ಟೇಕ್‌ಹೋಲ್ಡರ್‌ಗಳಿಗೂ ನಾವು ಬದ್ಧರು ಅಂದರು. ಇದನ್ನು ಸಿಎಸ್‌ಆರ್‌ನ ಗೆಲುವು ಅಂತ ಎತ್ತಿ ಬರೆಯುವವರು ಹೇಳಿಕೆಯನ್ನು ಇನ್ನೊಮ್ಮೆ ಓದಲಿ. ಈ ಐವರಲ್ಲಿ ಇಬ್ಬರ ಹಿತ ಒಂದಕ್ಕೊಂದು ಅಡ್ಡ ಬಂದಾಗ ಯಾರದ್ದನ್ನು ಬಿಡಬೇಕು, ಅದನ್ನು ತೀರ್ಮಾನಿಸುವವರು ಯಾರು, ಆ ತೀರ್ಮಾನದಲ್ಲಿ ಸೋತವರು ಯಾರ ಬಳಿ ಹೋಗಬೇಕು ಅನ್ನುವುದು ಅದರಲ್ಲಿ ಇಲ್ಲ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರಿಗೆ ಅಲ್ಲಿ ಬೇಕಾದಷ್ಟು ಕೆಲಸ ಬಾಕಿ ಇದೆ.